ಔಷಧ ಹೊತ್ತ ಮೂಳೆ ಸ್ಕ್ಯಾಫೋಲ್ಡ್: ಕಾಲೇಜು ಪ್ರಯೋಗಾಲಯದಲ್ಲಿ ತಯಾರಿಸಿ ಪರೀಕ್ಷಿಸುವ ಬಗೆ

ಪ್ರಾಜೆಕ್ಟ್ ಆಯ್ಕೆಯ ಕಾಲ ಬಂತೆಂದರೆ ಫಾರ್ಮಸಿ, ಬಯೋಟೆಕ್ನಾಲಜಿ, ಬಯೋಮೆಡಿಕಲ್ ವಿದ್ಯಾರ್ಥಿಗಳಿಂದ ಒಂದೇ ಪ್ರಶ್ನೆ ಬರುತ್ತದೆ: ಮೂಳೆ ಬೆಳೆಯಲು ನೆರವಾಗುವ, ಜೊತೆಗೆ ಔಷಧವನ್ನೂ ಬಿಡುವ ಸ್ಕ್ಯಾಫೋಲ್ಡ್ ಮಾಡಬೇಕು, ಎಲ್ಲಿಂದ ಆರಂಭಿಸಲಿ? ಪ್ರಬಂಧಗಳನ್ನು ತಿರುವಿದರೆ ಒಬ್ಬೊಬ್ಬರದು ಒಂದೊಂದು ದಾರಿ; ಓದಿದಷ್ಟೂ ಗೊಂದಲ ಹೆಚ್ಚುತ್ತದೆ. ಆದ್ದರಿಂದ ಇಲ್ಲಿ ಒಂದೇ ದಾರಿಯನ್ನು ಹಿಡಿದು ಕೊನೆಯವರೆಗೆ ಹೋಗೋಣ. ವಸ್ತು ಜೆಲಾಟಿನ್ ಮತ್ತು ಮೂಳೆಯ ಖನಿಜವನ್ನು ಹೋಲುವ ಹೈಡ್ರಾಕ್ಸಿಅಪಟೈಟ್, ಔಷಧ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್. ಇದು ಪ್ರಯೋಗಾಲಯದ ಮಾದರಿ ಮಾತ್ರ, ಯಾವ ರೋಗಿಯ ಮೈಗೂ ಹೋಗುವಂಥದ್ದಲ್ಲ.

ಸ್ಕ್ಯಾಫೋಲ್ಡ್ ಎಂದರೆ ಮೂಳೆ ಕಳೆದುಹೋದ ಜಾಗದಲ್ಲಿ ಕೂರಿಸುವ ರಂಧ್ರಮಯ ಆಸರೆ. ಜೀವಕೋಶಗಳು ಅದರೊಳಗೆ ಹೊಕ್ಕು ಹೊಸ ಮೂಳೆ ಕಟ್ಟುತ್ತಾ ಹೋದಂತೆ ಅದು ನಿಧಾನವಾಗಿ ಕರಗಬೇಕು. ಔಷಧವನ್ನು ಅದರಲ್ಲೇ ಇಡುವುದೇಕೆ? ಮೂಳೆಯ ಸೋಂಕಿನಲ್ಲಿ ಸತ್ತ ಮೂಳೆಯ ತುಂಡಿಗೆ ರಕ್ತ ಹರಿಯುವುದಿಲ್ಲ. ವಾರಗಟ್ಟಲೆ ರಕ್ತನಾಳಕ್ಕೆ ಕೊಟ್ಟ ಆ್ಯಂಟಿಬಯಾಟಿಕ್ ಅಲ್ಲಿಗೆ ಸಾಕಷ್ಟು ಮುಟ್ಟುವುದಿಲ್ಲ. ಸೋಂಕಿರುವಲ್ಲಿಯೇ ಔಷಧವನ್ನು ಇಡುವ ಯೋಚನೆ ಹಳೆಯದು. 1892ರಲ್ಲಿ ಜರ್ಮನಿಯ ಡ್ರೀಸ್‌ಮನ್ ಕಾರ್ಬಾಲಿಕ್ ಆಮ್ಲ ಬೆರೆಸಿದ ಪ್ಲಾಸ್ಟರ್ ಆಫ್ ಪ್ಯಾರಿಸ್ ಅನ್ನು ಮೂಳೆಯ ಕುಳಿಗಳಿಗೆ ತುಂಬಿದ್ದರು. ಆಮೇಲೆ ಜೆಂಟಾಮೈಸಿನ್ ಬೆರೆಸಿದ ಮೂಳೆ ಸಿಮೆಂಟಿನ ಮಣಿಗಳು ಬಂದವು. ಅವು ಕರಗುವುದಿಲ್ಲ, ತೆಗೆಯಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕು. ಕರಗುವ ಸ್ಕ್ಯಾಫೋಲ್ಡ್‌ನ ಆಸೆ ಹುಟ್ಟಿದ್ದು ಅಲ್ಲಿಂದ.

ಬೇಕಾಗುವ ವಸ್ತುಗಳು: ಬಿ ಬಗೆಯ ಜೆಲಾಟಿನ್, ಕ್ಯಾಲ್ಸಿಯಂ ನೈಟ್ರೇಟ್ ಟೆಟ್ರಾಹೈಡ್ರೇಟ್, ಡೈಅಮೋನಿಯಂ ಹೈಡ್ರೋಜನ್ ಫಾಸ್ಫೇಟ್, ಅಮೋನಿಯಾ ದ್ರಾವಣ, ಇಡಿಸಿ ಮತ್ತು ಎನ್‌ಎಚ್‌ಎಸ್ ಎಂಬ ಬಂಧಕಾರಕಗಳು, ಎಥನಾಲ್, ಫಾಸ್ಫೇಟ್ ಬಫರ್ ಸಲೈನ್, ವ್ಯಾಂಕೊಮೈಸಿನ್ ಹೈಡ್ರೋಕ್ಲೋರೈಡ್, 24 ಗುಳಿಗಳ ಪ್ಲೇಟ್. ಉಪಕರಣಗಳಲ್ಲಿ ಸೆಂಟ್ರಿಫ್ಯೂಜ್, ಪಿಎಚ್ ಮೀಟರ್, ಸೋನಿಕೇಟರ್ (ಶಬ್ದದ ಅಲೆಗಳಿಂದ ಕಣಗಳನ್ನು ಬಿಡಿಸುವ ಯಂತ್ರ), ಫ್ರೀಜ್ ಡ್ರೈಯರ್ (ಹೆಪ್ಪುಗಟ್ಟಿದ ನೀರನ್ನು ಕರಗಿಸದೆ ನೇರವಾಗಿ ಆವಿಯಾಗಿಸಿ ಒಣಗಿಸುವ ಯಂತ್ರ), ಯುವಿ ಸ್ಪೆಕ್ಟ್ರೋಫೋಟೊಮೀಟರ್, 37 ಡಿಗ್ರಿಯ ಶೇಕರ್ ಇನ್‌ಕ್ಯುಬೇಟರ್. ನಿಮ್ಮ ಕಾಲೇಜಿನಲ್ಲಿ ಫ್ರೀಜ್ ಡ್ರೈಯರ್ ಇಲ್ಲದಿದ್ದರೆ ಈ ಪ್ರಾಜೆಕ್ಟನ್ನು ಒಪ್ಪಿಕೊಳ್ಳುವ ಮೊದಲೇ ಅದಕ್ಕೊಂದು ದಾರಿ ನೋಡಿಕೊಳ್ಳಿ. ಅದಕ್ಕೆ ಬದಲಿ ಇಲ್ಲ.

1. ಮೊದಲು ಔಷಧದ ಲೆಕ್ಕ

ಹೆಚ್ಚಿನವರು ಸ್ಕ್ಯಾಫೋಲ್ಡ್ ಮಾಡಿ ಮುಗಿಸಿ ಆಮೇಲೆ ಔಷಧದ ಬಗ್ಗೆ ಯೋಚಿಸುತ್ತಾರೆ. ಅದು ತಿರುಗುಮುರುಗು. ಔಷಧವನ್ನು ಯಾವ ಹಂತದಲ್ಲಿ ಸೇರಿಸುತ್ತೀರಿ ಎಂಬುದರ ಮೇಲೆ ಉಳಿದೆಲ್ಲವೂ ನಿಂತಿದೆ. ಆ ತೀರ್ಮಾನ ಮೊದಲ ದಿನವೇ ಆಗಬೇಕು.

ವ್ಯಾಂಕೊಮೈಸಿನ್ ಆರಿಸಲು ಕಾರಣಗಳಿವೆ. ಮೂಳೆ ಸೋಂಕಿನ ಮುಖ್ಯ ಅಪರಾಧಿಯಾದ ಸ್ಟ್ಯಾಫಿಲೊಕಾಕಸ್ ಆರಿಯಸ್ ಮೇಲೆ, ಅದರ ಮೆಥಿಸಿಲಿನ್ ನಿರೋಧಕ ತಳಿಗಳ ಮೇಲೆ ಕೂಡ, ಇದು ಕೆಲಸ ಮಾಡುತ್ತದೆ. ನೀರಿನಲ್ಲಿ ಕರಗುತ್ತದೆ. 280 ನ್ಯಾನೋಮೀಟರ್ ತರಂಗದೂರದಲ್ಲಿ ಬೆಳಕು ಹೀರುವುದರಿಂದ ಅಳೆಯಲು ಸುಲಭ. ಆದರೆ ಅದರ ಅಣುವಿನಲ್ಲಿ ಅಮೈನ್ ಗುಂಪುಗಳೂ ಕಾರ್ಬಾಕ್ಸಿಲ್ ಗುಂಪೂ ಇವೆ. ಜೆಲಾಟಿನ್ ಸರಪಳಿಗಳನ್ನು ಪರಸ್ಪರ ಕಟ್ಟಲು ಬಳಸುವ ಗ್ಲುಟರಾಲ್ಡಿಹೈಡ್, ಜೆನಿಪಿನ್, ಇಡಿಸಿ ಎಲ್ಲವೂ ಇಂಥ ಗುಂಪುಗಳನ್ನೇ ಹಿಡಿಯುತ್ತವೆ. ಔಷಧವನ್ನು ಮೊದಲೇ ಬೆರೆಸಿ ಆಮೇಲೆ ಬಂಧಕಾರಕ ಹಾಕಿದರೆ ಒಂದಷ್ಟು ಔಷಧ ಜೆಲಾಟಿನ್‌ಗೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ, ಉಳಿದದ್ದು ತೊಳೆಯುವ ನೀರಿನಲ್ಲಿ ಹೋಗುತ್ತದೆ. ಆಮೇಲೆ ಬರುವ ‘ನಿಧಾನ ಬಿಡುಗಡೆ’ಯ ಸುಂದರ ರೇಖೆಗೆ ಅರ್ಥವಿಲ್ಲ. ಹಾಗಾಗಿ ಕ್ರಮ ಇದು: ಸ್ಪಂಜು (ಅಂದರೆ ರಂಧ್ರಮಯ ಸ್ಕ್ಯಾಫೋಲ್ಡ್) ಮಾಡಿ, ಬಂಧಿಸಿ, ತೊಳೆದು, ಒಣಗಿಸಿ, ಕೊನೆಗೆ ಔಷಧ.

ಪ್ರಮಾಣವನ್ನೂ ಈಗಲೇ ನಿಗದಿ ಮಾಡಿ. ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನು ತಡೆಯಲು ಮಿಲಿಲೀಟರಿಗೆ 2 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಸಾಕಾದರೆ ಆ ತಳಿ ವ್ಯಾಂಕೊಮೈಸಿನ್‌ಗೆ ಬಗ್ಗುತ್ತದೆ ಎಂದು ಲೆಕ್ಕ. ಇನ್ನೊಂದು ತುದಿಯಲ್ಲಿ, ಮೂಳೆ ಕಟ್ಟುವ ಕೋಶಗಳಂಥ ಕೋಶಗಳು ಗಾಜಿನ ತಟ್ಟೆಯಲ್ಲಿ 1,000 ಮೈಕ್ರೋಗ್ರಾಂವರೆಗೆ ಹೆಚ್ಚು ತೊಂದರೆಯಿಲ್ಲದೆ ತಡೆದುಕೊಳ್ಳುತ್ತವೆ, 10,000ಕ್ಕೆ ಸಾಯುತ್ತವೆ. ಈ ಎರಡರ ನಡುವೆ ನಿಮ್ಮ ಜಾಗ. ಒಂದು ಸ್ಕ್ಯಾಫೋಲ್ಡ್‌ಗೆ 5 ಮಿಲಿಗ್ರಾಂ ಹಾಕಿ 10 ಮಿಲಿಲೀಟರ್ ಬಫರಿನಲ್ಲಿ ಇಟ್ಟರೆ, ಪೂರ್ತಿ ಹೊರಬಂದರೂ ಮಿಲಿಲೀಟರಿಗೆ 500 ಮೈಕ್ರೋಗ್ರಾಂ ದಾಟುವುದಿಲ್ಲ. ಸ್ಪಂಜಿನ ಒಳಗಿನ ರಂಧ್ರಗಳಲ್ಲಿ ಮಾತ್ರ ಮೊದಲ ಕೆಲವು ಹೊತ್ತು ಅದಕ್ಕಿಂತ ಬಹಳ ಹೆಚ್ಚಿರುತ್ತದೆ. ‘ಇರಲಿ’ ಎಂದು ದುಪ್ಪಟ್ಟು ಹಾಕುವ ಆಸೆ ಬಂದಾಗ ಇದನ್ನು ನೆನಪಿಡಿ. ಔಷಧ ಹೆಚ್ಚಿದಷ್ಟೂ ಒಳ್ಳೆಯದೆಂಬ ಲೆಕ್ಕ ಮೂಳೆಯಲ್ಲಿ ಈಗಾಗಲೇ ಕೈಕೊಟ್ಟಿದೆ. ಮೂಳೆ ಬೆಳೆಸುವ ಪ್ರೋಟೀನ್ ಹೀರಿಸಿದ ಕೊಲಾಜೆನ್ ಸ್ಪಂಜಿಗೆ ಅಮೆರಿಕದಲ್ಲಿ 2002ರಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗಾಗಿ ಒಪ್ಪಿಗೆ ಸಿಕ್ಕಿತು. ಅದನ್ನು ಒಪ್ಪಿಗೆ ಇಲ್ಲದ ಕತ್ತಿನ ಭಾಗದಲ್ಲಿ ಬಳಸಿದಾಗ ಗಂಟಲು ಊದಿ ಉಸಿರಾಟಕ್ಕೆ ತೊಂದರೆಯಾದ ಪ್ರಕರಣಗಳು ಬಂದು, 2008ರಲ್ಲಿ ಅಲ್ಲಿನ ಔಷಧ ಆಡಳಿತವೇ ಎಚ್ಚರಿಕೆ ಹೊರಡಿಸಬೇಕಾಯಿತು.

2. ಹೈಡ್ರಾಕ್ಸಿಅಪಟೈಟ್ ತಯಾರಿ

ನಮ್ಮ ಮೂಳೆಯ ಗಟ್ಟಿ ಭಾಗ ಈ ಖನಿಜಕ್ಕೆ ತೀರಾ ಹತ್ತಿರದ್ದು. ಕೊಳ್ಳಲೂ ಸಿಗುತ್ತದೆ, ಆದರೆ ಮಾಡಿಕೊಳ್ಳುವುದು ಕಷ್ಟವಲ್ಲ. 23.6 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಟೆಟ್ರಾಹೈಡ್ರೇಟನ್ನು 200 ಮಿಲಿಲೀಟರ್ ನೀರಿನಲ್ಲಿ, 7.92 ಗ್ರಾಂ ಡೈಅಮೋನಿಯಂ ಹೈಡ್ರೋಜನ್ ಫಾಸ್ಫೇಟನ್ನು ಇನ್ನೊಂದು 200 ಮಿಲಿಲೀಟರ್ ನೀರಿನಲ್ಲಿ ಕರಗಿಸಿ. ಈ ತೂಕಗಳಲ್ಲಿ ಕ್ಯಾಲ್ಸಿಯಂ ಮತ್ತು ರಂಜಕದ ಅನುಪಾತ ಹೈಡ್ರಾಕ್ಸಿಅಪಟೈಟ್‌ಗೆ ಬೇಕಾದ 1.67 ಆಗುತ್ತದೆ. ಫ್ಯೂಮ್ ಹುಡ್ ಒಳಗೆ, ಕ್ಯಾಲ್ಸಿಯಂ ದ್ರಾವಣವನ್ನು ಜೋರಾಗಿ ತಿರುಗಿಸುತ್ತಾ ಫಾಸ್ಫೇಟನ್ನು ಹನಿಹನಿಯಾಗಿ ಬಿಡಿ. ಅಮೋನಿಯಾ ಸೇರಿಸುತ್ತಾ ಪಿಎಚ್ ಅನ್ನು 10ಕ್ಕಿಂತ ಮೇಲೆ ಉಳಿಸಿಕೊಳ್ಳಿ. ಇಲ್ಲಿ ಉದಾಸೀನ ಮಾಡಿ ಪಿಎಚ್ ಇಳಿಯಲು ಬಿಟ್ಟರೆ ಬೇರೆ ಕ್ಯಾಲ್ಸಿಯಂ ಫಾಸ್ಫೇಟ್‌ಗಳು ಬೆರೆತ ಪುಡಿ ಸಿಗುತ್ತದೆ. ರಾತ್ರಿಯಿಡೀ ತಿರುಗಲು ಬಿಡಿ, ಬೆಳಗ್ಗೆ ಸೆಂಟ್ರಿಫ್ಯೂಜ್ ಮಾಡಿ, ತೊಳೆದ ನೀರು ತಟಸ್ಥವಾಗುವವರೆಗೆ ಮತ್ತೆ ಮತ್ತೆ ತೊಳೆಯಿರಿ.

ಎರಡು ಎಚ್ಚರಿಕೆ. ಸೋಸಿದ ನೀರಿನಲ್ಲಿ ಅಮೋನಿಯಂ ನೈಟ್ರೇಟ್ ಇರುತ್ತದೆ. ಅದನ್ನು ಕಾಯಿಸಿ ಇಂಗಿಸಲು ಹೋಗಬೇಡಿ, ಒಣಗಿ ಬಿಸಿಯಾದರೆ ಸ್ಫೋಟದ ಅಪಾಯವಿದೆ. ಎರಡನೆಯದು, ಎಲ್ಲ ಖನಿಜವನ್ನೂ ಓವನ್‌ನಲ್ಲಿ ಒಣಗಿಸಬೇಡಿ. ಒಣಗಿದರೆ ನ್ಯಾನೊ ಕಣಗಳು ಗಂಟುಕಟ್ಟಿ, ಸೋನಿಕೇಟರ್‌ಗೂ ಜಗ್ಗುವುದಿಲ್ಲ. ಹಸಿ ಪೇಸ್ಟ್ ಆಗಿಯೇ ಇಟ್ಟುಕೊಳ್ಳಿ. ಒಂದು ಗ್ರಾಂ ಪೇಸ್ಟನ್ನು ಒಣಗಿಸಿ ತೂಗಿದರೆ ಅದರಲ್ಲಿ ಖನಿಜ ಎಷ್ಟೆಂದು ಗೊತ್ತಾಗುತ್ತದೆ. ಗುರುತು ಪರೀಕ್ಷೆಗಾಗಿ ಸ್ವಲ್ಪ ಮಾತ್ರ ಒಣಗಿಸಿ ಎಕ್ಸ್‌ಆರ್‌ಡಿಗೆ, ಅಂದರೆ ಎಕ್ಸ್‌-ಕಿರಣಗಳಿಂದ ಹರಳಿನ ರಚನೆ ಪತ್ತೆಹಚ್ಚುವ ಪರೀಕ್ಷೆಗೆ ಕಳುಹಿಸಿ. ತಾಮ್ರದ ಕಿರಣಮೂಲ ಬಳಸಿದಾಗ 25.9 ಮತ್ತು 31.8 ಡಿಗ್ರಿಯ ಆಸುಪಾಸಿನಲ್ಲಿ ಶಿಖರಗಳು ಕಾಣಬೇಕು. ಶಿಖರಗಳು ಅಗಲವಾಗಿ ಮಸುಕಾಗಿದ್ದರೆ ಗಾಬರಿ ಬೇಡ, ಸುಡದ ನ್ಯಾನೊ ಪುಡಿಯ ಸ್ವಭಾವವೇ ಅದು.

3. ಸ್ಪಂಜು ಎರೆಯುವುದು

ಒಂದು ಗ್ರಾಂ ಖನಿಜಕ್ಕೆ ಸಮನಾದ ಪೇಸ್ಟನ್ನು ನೀರಿನಲ್ಲಿ ಸೋನಿಕೇಟ್ ಮಾಡಿ ಹರಡಿ, ಒಂದು ಗ್ರಾಂ ಜೆಲಾಟಿನ್ ಸೇರಿಸಿ, ಒಟ್ಟು ನೀರು 20 ಮಿಲಿಲೀಟರ್ ಆಗುವಂತೆ ನೋಡಿಕೊಳ್ಳಿ. 45 ಡಿಗ್ರಿಯಲ್ಲಿ ಕರಗಿಸಿ. ಕುದಿಸಬೇಡಿ, ಜೆಲಾಟಿನ್‌ನ ಸರಪಳಿಗಳು ತುಂಡಾಗಿ ಅದರ ಹಿಡಿತ ಕಡಿಮೆಯಾಗುತ್ತದೆ.

ಬಿಸಿಯಿರುವಾಗಲೇ ಎರೆದರೆ ಖನಿಜವೆಲ್ಲ ತಳಕ್ಕೆ ಕೂರುತ್ತದೆ. ತಿರುಗಿಸುತ್ತಲೇ ತಣಿಯಲು ಬಿಟ್ಟು, ದ್ರಾವಣ ಸಕ್ಕರೆ ಪಾಕದಂತೆ ದಪ್ಪವಾಗತೊಡಗಿದಾಗ 24 ಗುಳಿಗಳ ಪ್ಲೇಟಿನ ಪ್ರತಿ ಗುಳಿಗೂ ಒಂದೊಂದು ಮಿಲಿಲೀಟರ್ ಹಾಕಿ. ಸುಮಾರು 5 ಮಿಲಿಮೀಟರ್ ಎತ್ತರದ ಬಿಲ್ಲೆಗಳಾಗುತ್ತವೆ. ನಷ್ಟ ಕಳೆದರೆ 18 ಸಿಗಬಹುದು. ಒಂದೊಂದರಲ್ಲಿ 50 ಮಿಲಿಗ್ರಾಂ ಜೆಲಾಟಿನ್, 50 ಮಿಲಿಗ್ರಾಂ ಖನಿಜ. ಒಣಗಿದ ಮೇಲೆ ಒಂದನ್ನು ಬ್ಲೇಡಿನಿಂದ ಅಡ್ಡ ಸೀಳಿ ನೋಡಿ. ಕೆಳಗೆ ಸುಣ್ಣದಂಥ ಬಿಳಿ ಪದರ, ಮೇಲೆ ಹಳದಿ ಛಾಯೆ ಕಂಡರೆ ಖನಿಜ ಇಳಿದಿದೆ ಎಂದರ್ಥ. ಆ ಬ್ಯಾಚನ್ನು ಬಿಟ್ಟುಬಿಡಿ.

ಮೈನಸ್ 20 ಡಿಗ್ರಿಯಲ್ಲಿ ರಾತ್ರಿಯಿಡೀ ಹೆಪ್ಪುಗಟ್ಟಿಸಿ. ರಂಧ್ರಗಳನ್ನು ಮಾಡುವುದು ಮಂಜಿನ ಹರಳುಗಳು: ನೀರು ಎಲ್ಲೆಲ್ಲಿ ಹರಳಾಯಿತೋ ಅಲ್ಲೆಲ್ಲ, ಅದು ಆವಿಯಾದ ಮೇಲೆ, ತೂತು ಉಳಿಯುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ದೊಡ್ಡ ಹರಳು, ದೊಡ್ಡ ರಂಧ್ರ. ಮೈನಸ್ 80ರ ಫ್ರೀಜರ್ ಇದೆಯೆಂದು ಅದರಲ್ಲಿಟ್ಟರೆ ರಂಧ್ರಗಳು ಕಿರಿದಾಗುತ್ತವೆ. ಮೂಳೆಕೋಶಗಳು ಒಳಹೋಗಲು ಕನಿಷ್ಠ 100 ಮೈಕ್ರೋಮೀಟರ್ ಬೇಕು, ರಕ್ತನಾಳಗಳು ಚೆನ್ನಾಗಿ ಬೆಳೆಯಲು 300ರ ಮೇಲಿದ್ದರೆ ಒಳ್ಳೆಯದು ಎಂಬುದು ಒಪ್ಪಿತ ಅಳತೆ. ಆಮೇಲೆ ಫ್ರೀಜ್ ಡ್ರೈಯರ್‌ನಲ್ಲಿ 48 ಗಂಟೆ. ಪ್ಲೇಟನ್ನು ಸಾಗಿಸುವಾಗ ಮಂಜು ಕರಗಿದರೆ ಸ್ಪಂಜು ಕುಸಿದು ಗಟ್ಟಿ ಚಕ್ಕೆಯಾಗುತ್ತದೆ. ಒಣ ಮಂಜುಗಡ್ಡೆಯ ಮೇಲಿಟ್ಟು ಒಯ್ಯಿರಿ. ಮೇಲ್ಭಾಗದಲ್ಲಿ ರಂಧ್ರವಿಲ್ಲದ ತೆಳು ಚರ್ಮ ಕಟ್ಟಿಕೊಂಡಿದ್ದರೆ ಬ್ಲೇಡಿನಿಂದ ಸವರಿ ತೆಗೆಯಿರಿ. ಇಲ್ಲದಿದ್ದರೆ ಕೋಶಗಳು ಒಳಗೆ ಹೋಗುವುದಿಲ್ಲ, ಔಷಧ ಒಂದೇ ಕಡೆಯಿಂದ ಹೊರಬರುತ್ತದೆ.

4. ಅಡ್ಡಬಂಧ

ಈಗಿರುವ ಸ್ಪಂಜನ್ನು 37 ಡಿಗ್ರಿಯ ನೀರಿಗೆ ಹಾಕಿದರೆ ಕರಗಿಹೋಗುತ್ತದೆ. ಜೆಲಾಟಿನ್ ಸರಪಳಿಗಳ ನಡುವೆ ರಾಸಾಯನಿಕ ಕೊಂಡಿ ಹಾಕುವುದೇ ಅಡ್ಡಬಂಧ. ಗ್ಲುಟರಾಲ್ಡಿಹೈಡ್ ಅಗ್ಗ, ಆದರೆ ಉಳಿದುಕೊಂಡದ್ದು ಕೋಶಗಳಿಗೆ ವಿಷ. ಜೆನಿಪಿನ್ ಸೌಮ್ಯ, ಆದರೆ ದುಬಾರಿ, ಸ್ಪಂಜನ್ನು ಕಡುನೀಲಿ ಮಾಡುತ್ತದೆ. ನನ್ನ ಮತ ಇಡಿಸಿ ಕಡೆಗೆ: ಬಣ್ಣವಿಲ್ಲ, ತಾನು ಕೊಂಡಿಯಲ್ಲಿ ಉಳಿಯುವುದಿಲ್ಲ, ಉಪಉತ್ಪನ್ನ ನೀರಿನಲ್ಲಿ ತೊಳೆದುಹೋಗುತ್ತದೆ.

50 ಮಿಲಿಲೀಟರ್ ಶೇ 90ರ ಎಥನಾಲ್‌ಗೆ 0.48 ಗ್ರಾಂ ಇಡಿಸಿ ಹೈಡ್ರೋಕ್ಲೋರೈಡ್, 0.115 ಗ್ರಾಂ ಎನ್‌ಎಚ್‌ಎಸ್ ಹಾಕಿ, ಸ್ಪಂಜುಗಳನ್ನು ಅದರಲ್ಲಿ 4 ಡಿಗ್ರಿಯಲ್ಲಿ 24 ಗಂಟೆ ಇಡಿ. ಎಥನಾಲ್ ಏಕೆಂದರೆ ಬರೀ ನೀರಿನಲ್ಲಿ ಕೊಂಡಿ ಬೀಳುವ ಮೊದಲೇ ಸ್ಪಂಜು ಊದಿ ಆಕಾರ ಕಳೆದುಕೊಳ್ಳಬಹುದು. ಫ್ರಿಜ್‌ನಿಂದ ತೆಗೆದ ಇಡಿಸಿ ಬಾಟಲಿಯನ್ನು ಕೋಣೆಯ ಬಿಸಿಗೆ ಬಂದ ಮೇಲೆ ಮಾತ್ರ ತೆರೆಯಿರಿ. ತೇವ ಹೀರಿ ಕೆಟ್ಟ ಇಡಿಸಿಯಿಂದಲೇ ಅರ್ಧಕ್ಕರ್ಧ ಪ್ರಾಜೆಕ್ಟುಗಳು ಇಲ್ಲಿ ಮುಗ್ಗರಿಸುತ್ತವೆ ಎಂಬುದು ನನ್ನ ಗುಮಾನಿ. ಬಟ್ಟಿ ಇಳಿಸಿದ ನೀರಿನಲ್ಲಿ ಹಲವು ಬಾರಿ ತೊಳೆದು ಮತ್ತೆ ಫ್ರೀಜ್ ಡ್ರೈ ಮಾಡಿ. ಪರೀಕ್ಷೆ ಸರಳ: ಒಂದನ್ನು 37 ಡಿಗ್ರಿಯ ಬಫರಿನಲ್ಲಿ ರಾತ್ರಿಯಿಡೀ ಇಡಿ. ಬೆಳಗ್ಗೆ ಚಿಮುಟದಿಂದ ಎತ್ತಿದಾಗ ಇಡಿಯಾಗಿ ಬಂದರೆ ಮುಂದುವರಿಯಿರಿ. ಗಂಜಿಯಾಗಿದ್ದರೆ ಬಂಧ ಬಿದ್ದಿಲ್ಲ.

5. ಕ್ರಿಮಿಶುದ್ಧಿ, ಆಮೇಲೆ ಔಷಧ

ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಬೇಡವೇ ಬೇಡ. ಜೆಲಾಟಿನ್ ಆ ಬಿಸಿಗೆ ಉಳಿಯುವುದಿಲ್ಲ. ಯುವಿ ದೀಪ ಮೇಲ್ಮೈಯನ್ನು ಮಾತ್ರ ಮುಟ್ಟುತ್ತದೆ. ಪ್ರಯೋಗಾಲಯದ ಮಟ್ಟಿಗೆ ಶೇ 70ರ ಎಥನಾಲ್‌ನಲ್ಲಿ ನೆನೆಸಿ, ಲ್ಯಾಮಿನಾರ್ ಫ್ಲೋ (ಸೋಸಿದ ಗಾಳಿ ಹರಿಯುವ ಪೆಟ್ಟಿಗೆ) ಒಳಗೆ ಕ್ರಿಮಿರಹಿತ ನೀರಿನಲ್ಲಿ ತೊಳೆದು, ಮುಚ್ಚಿದ ಪ್ಲೇಟಿನಲ್ಲಿ ಒಣಗಿಸಿ. ವ್ಯಾಂಕೊಮೈಸಿನನ್ನು ಮಿಲಿಲೀಟರಿಗೆ 10 ಮಿಲಿಗ್ರಾಂನಂತೆ ಕರಗಿಸಿ 0.22 ಮೈಕ್ರೋಮೀಟರ್ ಫಿಲ್ಟರಿನಲ್ಲಿ ಸೋಸಿ, ಪ್ರತಿ ಸ್ಪಂಜಿಗೂ 0.5 ಮಿಲಿಲೀಟರ್ ಹನಿಹನಿಯಾಗಿ ಹೀರಿಸಿ. ಹೆಚ್ಚು ದ್ರಾವಣದಲ್ಲಿ ಮುಳುಗಿಸಿಡುವ ರೂಢಿಯಿದೆ. ಅದರಲ್ಲಿ ಎಷ್ಟು ಒಳಹೋಯಿತೆಂದು ಪ್ರತಿ ಸಲ ಅಳೆಯಬೇಕು. ಹನಿ ಹೀರಿಸಿದರೆ 5 ಮಿಲಿಗ್ರಾಂ ಎಂದು ಕಣ್ಣುಮುಚ್ಚಿ ಬರೆಯಬಹುದು, ಪ್ಲೇಟಿಗೆ ಸೋರಿಲ್ಲವೆಂದರೆ. ಔಷಧವಿಲ್ಲದ ಸ್ಪಂಜುಗಳಿಗೂ ಅಷ್ಟೇ ನೀರು ಹೀರಿಸಿ ಜೊತೆಗೇ ಒಣಗಿಸಿ. ಇವನ್ನು ಖಾಲಿ ಸ್ಪಂಜು ಎನ್ನೋಣ. ಮುಂದೆ ಹೆಜ್ಜೆಹೆಜ್ಜೆಗೂ ಬೇಕಾಗುತ್ತವೆ.

ಹೀಗೆ ಹೀರಿಸಿದ ಔಷಧ ಬೇಗ ಹೊರಬರುತ್ತದೆ. ಮೊದಲ ಗಂಟೆಗಳಲ್ಲಿ ಒಮ್ಮೆಲೇ ನುಗ್ಗುವುದನ್ನು ಬರ್ಸ್ಟ್ ಬಿಡುಗಡೆ ಎನ್ನುತ್ತಾರೆ. ವಾರಗಟ್ಟಲೆ ಎಳೆಯಬೇಕಾದರೆ ಔಷಧವನ್ನು ಪಿಎಲ್‌ಜಿಎ ಎಂಬ ಕರಗುವ ಪಾಲಿಮರಿನ ಸೂಕ್ಷ್ಮಗೋಲಗಳಲ್ಲಿ ತುಂಬಿ ಸ್ಪಂಜಿನಲ್ಲಿ ಕೂರಿಸಬೇಕು. ಅದು ಬೇರೆಯದೇ ಪ್ರಾಜೆಕ್ಟ್. ಮೊದಲ ಸಲಕ್ಕೆ ಬರ್ಸ್ಟ್ ಇರುವ ಸ್ಪಂಜನ್ನು ಸರಿಯಾಗಿ ಅಳೆದರೂ ಸಾಕು.

6. ರೂಪ ಪರೀಕ್ಷೆ

ಎಸ್‌ಇಎಂ ಎಂಬ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಡ್ಡ ಸೀಳಿದ ಮೈಯನ್ನು ನೋಡಿ, ಹಲವು ಜಾಗಗಳ ರಂಧ್ರಗಳನ್ನು ಅಳೆಯಿರಿ. ಚೆಂದದ ಒಂದೇ ಚಿತ್ರವನ್ನು ಆರಿಸಿ ಹಾಕುವುದು ಮೋಸ. ಸ್ಪಂಜು ಕುಗ್ಗದಿದ್ದರೆ ಲೆಕ್ಕದ ಪ್ರಕಾರ ಅದರ ಶೇ 95ರಷ್ಟು ಬರೀ ಖಾಲಿ ಜಾಗ. ಹಾಗಾಗಿ ಬಲವನ್ನು ಹೆಚ್ಚು ನಿರೀಕ್ಷಿಸಬೇಡಿ. ಮೂಳೆಯ ಒಳಗಿನ ಜಾಲರಿ ಭಾಗ 2ರಿಂದ 12 ಮೆಗಾಪ್ಯಾಸ್ಕಲ್ ಒತ್ತಡ ತಡೆಯುತ್ತದೆ. ಇಂಥ ಸ್ಪಂಜಿನದು ಕಿಲೋಪ್ಯಾಸ್ಕಲ್‌ಗಳ ಮಾತು. ವರದಿಯಲ್ಲಿ ‘ಭಾರ ಹೊರುವ ಮೂಳೆಗೆ ಸೂಕ್ತ’ ಎಂದು ಬರೆದರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ.

7. ಬಿಡುಗಡೆಯ ಅಳತೆ

ತಪ್ಪುಗಳು ಅತಿ ಹೆಚ್ಚು ಅಡಗುವುದು ಇಲ್ಲಿ. ಪ್ರತಿ ಸ್ಕ್ಯಾಫೋಲ್ಡನ್ನು ಬಿಗಿ ಮುಚ್ಚಳದ ಟ್ಯೂಬಿನಲ್ಲಿ, ಪಿಎಚ್ 7.4ರ 10 ಮಿಲಿಲೀಟರ್ ಬಫರಿನಲ್ಲಿ, 37 ಡಿಗ್ರಿಯಲ್ಲಿ ಮೆಲ್ಲಗೆ ಅಲುಗಾಡಿಸುತ್ತಾ ಇಡಿ. ಔಷಧವಿರುವುದು ಮೂರು, ಖಾಲಿ ಮೂರು. 1, 2, 4, 8, 24 ಗಂಟೆಗಳಿಗೆ, ಆಮೇಲೆ 2, 3, 5, 7, 10, 14ನೇ ದಿನಕ್ಕೆ ಒಂದು ಮಿಲಿಲೀಟರ್ ತೆಗೆದು, ಅಷ್ಟೇ ಹೊಸ ಬಫರ್ ಹಾಕಿ. ದಿನಗಟ್ಟಲೆ ಇಡುವ ಬಫರಿನಲ್ಲಿ ಸೂಕ್ಷ್ಮಜೀವಿ ಬೆಳೆಯದಂತೆ ಶೇ 0.02 ಸೋಡಿಯಂ ಅಝೈಡ್ ಹಾಕುತ್ತಾರೆ. ಅದು ತೀವ್ರ ವಿಷ, ಕೈಗವಸು ಇಲ್ಲದೆ ಮುಟ್ಟಬೇಡಿ. ಆ ಬಫರನ್ನು ಬ್ಯಾಕ್ಟೀರಿಯಾ ಅಥವಾ ಕೋಶಗಳ ಪರೀಕ್ಷೆಗೆ ಎಂದೂ ಬಳಸಬೇಡಿ. ಅಝೈಡ್ ಕೊಂದದ್ದು ನಿಮ್ಮ ಔಷಧದ ಖಾತೆಗೆ ಜಮೆಯಾಗುತ್ತದೆ.

ತೆಗೆದ ಮಾದರಿಯನ್ನು ಸೆಂಟ್ರಿಫ್ಯೂಜ್ ಮಾಡಿ. ತೇಲುವ ಖನಿಜದ ಕಣ ಬೆಳಕನ್ನು ಚದುರಿಸಿ ಅಂಕಿಯನ್ನು ಉಬ್ಬಿಸುತ್ತದೆ. 280 ನ್ಯಾನೋಮೀಟರಿಗೆ ಕ್ವಾರ್ಟ್ಜ್ ಕ್ಯುವೆಟ್ ಬೇಕು, ಸಾಧಾರಣ ಗಾಜು ನಡೆಯದು. ಮಿಲಿಲೀಟರಿಗೆ 20ರಿಂದ 200 ಮೈಕ್ರೋಗ್ರಾಂ ನಡುವೆ ಐದು ಬಿಂದುಗಳ ಮಾಪನ ರೇಖೆ ಎಳೆದು, ಅದಕ್ಕಿಂತ ಗಾಢವಾದ ಮಾದರಿಗಳನ್ನು ತೆಳುಮಾಡಿ ಓದಿ.

ಇನ್ನು ಖಾಲಿ ಸ್ಪಂಜಿನ ಕೆಲಸ. ಜೆಲಾಟಿನ್ ಕೂಡ ನಿಧಾನವಾಗಿ ಕರಗಿ ಬಫರಿಗೆ ಬರುತ್ತದೆ, ಅದೂ 280ರಲ್ಲಿ ಅಷ್ಟಿಷ್ಟು ಬೆಳಕು ಹೀರುತ್ತದೆ. ಬರೀ ಬಫರನ್ನು ಸೊನ್ನೆಯಾಗಿ ಇಟ್ಟುಕೊಂಡರೆ ಜೆಲಾಟಿನ್ ಔಷಧದ ವೇಷ ಹಾಕಿ ಲೆಕ್ಕಕ್ಕೆ ಸೇರುತ್ತದೆ. ಬಿಡುಗಡೆ ಶೇ 115 ಎಂದು ಬಂದ ವರದಿಗಳನ್ನು ನೋಡಿದ್ದೇನೆ. ಕಾರಣ ಹೆಚ್ಚಾಗಿ ಇದೇ. ಅದೇ ಸಮಯದ ಖಾಲಿ ಸ್ಪಂಜಿನ ಓದನ್ನು ಕಳೆಯಿರಿ.

ತೆಗೆದ ಮಾದರಿಯಲ್ಲಿ ಹೋದ ಔಷಧವನ್ನೂ ಕೂಡಿಸಬೇಕು. ಉದಾಹರಣೆಗೆ ಒಂದು ಗಂಟೆಗೆ ಮಿಲಿಲೀಟರಿಗೆ 200 ಮೈಕ್ರೋಗ್ರಾಂ ಬಂತು ಎನ್ನಿ. 10 ಮಿಲಿಲೀಟರಿನಲ್ಲಿ 2,000 ಮೈಕ್ರೋಗ್ರಾಂ, ಅಂದರೆ ಶೇ 40. ನೀವು ತೆಗೆದ ಒಂದು ಮಿಲಿಲೀಟರಿನಲ್ಲಿ 200 ಹೋಯಿತು. ಎರಡು ಗಂಟೆಗೆ 230 ಬಂದರೆ ಟ್ಯೂಬಿನಲ್ಲಿ 2,300, ಹಿಂದೆ ತೆಗೆದ 200 ಸೇರಿ 2,500, ಅಂದರೆ ಶೇ 50. ಕೂಡಿಸದಿದ್ದರೆ ಶೇ 46 ಎಂದು ಬರೆಯುತ್ತಿದ್ದಿರಿ. ಹನ್ನೊಂದು ಮಾದರಿಗಳ ಹೊತ್ತಿಗೆ ಈ ಅಂತರ ಬಹಳ ಬೆಳೆಯುತ್ತದೆ.

ಗಣಿತ ಮಾದರಿ ಹೊಂದಿಸುವಾಗ, ಔಷಧ ಹೊರಬರುವ ಬಗೆಯನ್ನು ವಿವರಿಸುವ ಕೋರ್ಸ್‌ಮೆಯರ್-ಪೆಪ್ಪಾಸ್ ಸಮೀಕರಣವನ್ನು ಬಿಡುಗಡೆಯ ಮೊದಲ ಶೇ 60ಕ್ಕೆ ಮಾತ್ರ ಬಳಸಿ. ನಿಮ್ಮ ಸ್ಪಂಜಿನಲ್ಲಿ ಆ ಭಾಗ ಮೊದಲ ಕೆಲವೇ ಗಂಟೆಗಳಲ್ಲಿ ಮುಗಿದುಹೋಗಬಹುದು. ಆಗ ಮೂರು ಬಿಂದುಗಳ ಮೇಲೆ ಗೆರೆ ಎಳೆದು ‘ಫಿಕ್ ನಿಯಮ ಪಾಲಿಸುತ್ತದೆ’ (ಬರೀ ವಿಸರಣೆಯಿಂದ ಹೊರಬರುತ್ತದೆ) ಎನ್ನುವ ಬದಲು ಆರಂಭದಲ್ಲಿ ಹೆಚ್ಚು ಮಾದರಿ ತೆಗೆಯಿರಿ.

8. ಬ್ಯಾಕ್ಟೀರಿಯಾ ಪರೀಕ್ಷೆ

ಯುವಿ ಯಂತ್ರಕ್ಕೆ ಔಷಧ ಬದುಕಿದೆಯೋ ಇಲ್ಲವೋ ತಿಳಿಯುವುದಿಲ್ಲ. ವ್ಯಾಂಕೊಮೈಸಿನ್ 37 ಡಿಗ್ರಿಯಲ್ಲಿ ದಿನಗಳೆದಂತೆ ಕೆಡುತ್ತದೆ, ಕೆಟ್ಟ ರೂಪವೂ ಬೆಳಕು ಹೀರುತ್ತದೆ. ಹಾಗಾಗಿ ಕೊನೆಯ ದಿನಗಳ ಮಾದರಿಗಳನ್ನು, ಅಝೈಡ್ ಇಲ್ಲದೆ ಕ್ರಿಮಿರಹಿತವಾಗಿ ಬೇರೆಯಾಗಿ ತೆಗೆದವನ್ನು, ಬ್ಯಾಕ್ಟೀರಿಯಾ ಮೇಲೆ ಪ್ರಯೋಗಿಸಿ. ಪ್ರಮಾಣೀಕೃತ ತಳಿಗಳು ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹದಿಂದ ಸಿಗುತ್ತವೆ.

ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಜೆಲ್ಲಿಯ ಮೇಲೆ ಸ್ಕ್ಯಾಫೋಲ್ಡ್ ಇಟ್ಟು ಸುತ್ತಲಿನ ತೆರವು ವೃತ್ತ ಅಳೆಯುವುದು ಎಲ್ಲರ ಅಭ್ಯಾಸ. ಆದರೆ ವ್ಯಾಂಕೊಮೈಸಿನ್ ದೊಡ್ಡ ಅಣು, ಅಗಾರ್‌ನಲ್ಲಿ ನಿಧಾನವಾಗಿ ಹರಡುತ್ತದೆ. ವೃತ್ತ ಚಿಕ್ಕದೆಂದು ಔಷಧ ದುರ್ಬಲವೆನ್ನಲಾಗದು. ದ್ರವ ಮಾಧ್ಯಮದಲ್ಲಿ ಮಾದರಿಯನ್ನು ಹಂತಹಂತವಾಗಿ ತೆಳುಮಾಡಿ, ಬೆಳವಣಿಗೆ ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು ಹೆಚ್ಚು ನಂಬಿಕೆಯದು. ಕೇಳಿಯೇ ಕೇಳುತ್ತಾರೆ ಎಂದು ಇ. ಕೋಲಿ ಮೇಲೂ ಪರೀಕ್ಷೆ ಮಾಡಿ ಫಲಿತಾಂಶ ಬರಲಿಲ್ಲವೆಂದು ಕೊರಗಬೇಡಿ. ಇ. ಕೋಲಿಯಂಥ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯನ್ನು ಈ ಔಷಧ ದಾಟುವುದೇ ಇಲ್ಲ. ಮೆಥಿಸಿಲಿನ್ ನಿರೋಧಕ ತಳಿಗಳನ್ನು ತಕ್ಕ ಸುರಕ್ಷತಾ ವ್ಯವಸ್ಥೆ ಇಲ್ಲದ ಕೋಣೆಗೆ ತರಬೇಡಿ. ಉಳಿದ ವ್ಯಾಂಕೊಮೈಸಿನ್ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ. ನಿರೋಧಕ ತಳಿಗಳು ಬೆಳೆಯುವುದು ಹಾಗೆಯೇ.

9. ಜೀವಕೋಶ ಪರೀಕ್ಷೆ

ಎಂಜಿ-63 ಎಂಬ ಮೂಳೆಕೋಶ ಸಾಲು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ ಸಿಗುತ್ತದೆ. ಸ್ಕ್ಯಾಫೋಲ್ಡ್ ನೆನೆಸಿದ ಮಾಧ್ಯಮವನ್ನು ಕೋಶಗಳಿಗೆ ಕೊಟ್ಟು, ಬದುಕಿರುವ ಕೋಶಗಳು ನೇರಳೆ ಬಣ್ಣ ಕೊಡುವ ಎಂಟಿಟಿ ಪರೀಕ್ಷೆಯಿಂದ ಎಷ್ಟು ಬದುಕಿವೆ ಎಂದು ನೋಡಿ. ಐಎಸ್‌ಒ 10993-5 ಮಾನದಂಡದಂತೆ ಶೇ 70ಕ್ಕಿಂತ ಕೆಳಗಿಳಿದರೆ ವಿಷಕಾರಿ. ಕೋಶಗಳನ್ನು ಸ್ಪಂಜಿನ ಮೇಲೆಯೇ ಬೆಳೆಸಿದರೆ ಎಂಟಿಟಿಯ ನೇರಳೆ ಬಣ್ಣವನ್ನು ಸ್ಪಂಜೇ ಹಿಡಿದಿಟ್ಟುಕೊಳ್ಳಬಹುದು.

ಅಲಿಝರಿನ್ ರೆಡ್ ಬಗ್ಗೆ ಪ್ರತ್ಯೇಕ ಎಚ್ಚರಿಕೆ. ಕೋಶಗಳು ಹೊಸ ಖನಿಜ ಕಟ್ಟಿದವೇ ಎಂದು ನೋಡಲು ಬಳಸುವ ಈ ಬಣ್ಣ ಕ್ಯಾಲ್ಸಿಯಂ ಸಿಕ್ಕಲ್ಲೆಲ್ಲ ಕೆಂಪಾಗುತ್ತದೆ. ನಿಮ್ಮ ಸ್ಪಂಜಿನ ಅರ್ಧ ತೂಕವೇ ಕ್ಯಾಲ್ಸಿಯಂ ಫಾಸ್ಫೇಟ್! ಒಂದೂ ಕೋಶವಿಲ್ಲದೆ ರಕ್ತಗೆಂಪಾಗುತ್ತದೆ. ಕೋಶರಹಿತ ಸ್ಪಂಜಿನೊಡನೆ ಹೋಲಿಸದ ಚಿತ್ರಕ್ಕೆ ಬೆಲೆಯಿಲ್ಲ. ಅದಕ್ಕಿಂತ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವನ್ನು 405 ನ್ಯಾನೋಮೀಟರಿನಲ್ಲಿ ಅಳೆಯುವುದು ಲೇಸು. ಕೋಶ ಮೂಳೆಯ ದಾರಿ ಹಿಡಿದಾಗ ಹೆಚ್ಚುವ ಕಿಣ್ವ ಅದು.

ಪ್ರಾಣಿ ಪ್ರಯೋಗ ಮಾಡಲೇ ಎಂದು ಕೇಳುವವರಿಗೆ: ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ, ಆ ಒಪ್ಪಿಗೆಗೆ ನಿಮ್ಮ ಇಡೀ ಸೆಮಿಸ್ಟರ್ ಹೋಗಬಹುದು. ಮೊದಲ ಪ್ರಾಜೆಕ್ಟಿಗೆ ಬೇಡ.

ಹಣ ಮತ್ತು ಉಪಕರಣ

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮಕ್ಕೆ ಕಾಲೇಜಿನ ಮೂಲಕ ಅರ್ಜಿ ಹಾಕಬಹುದು. ಎಸ್‌ಇಎಂ, ಎಕ್ಸ್‌ಆರ್‌ಡಿ ನಿಮ್ಮಲ್ಲಿ ಇಲ್ಲದಿದ್ದರೆ ಕೇಂದ್ರ ಸರ್ಕಾರದ ಐ-ಸ್ಟೆಮ್ ತಾಣದಲ್ಲಿ ಬೇರೆ ಸಂಸ್ಥೆಗಳ ಉಪಕರಣಗಳನ್ನು ಕಾಯ್ದಿರಿಸಬಹುದು. ಸರದಿ ಉದ್ದವಿರುತ್ತದೆ, ಹೈಡ್ರಾಕ್ಸಿಅಪಟೈಟ್ ಬೀಕರ್‌ನಲ್ಲಿ ತಿರುಗುತ್ತಿರುವ ದಿನವೇ ಕಾಯ್ದಿರಿಸಿ. ಒಂದು ಬ್ಯಾಚಿನ 18 ಬಿಲ್ಲೆಗಳು ಮೇಲಿನ ಎಲ್ಲ ಪರೀಕ್ಷೆಗಳಿಗೆ ಸಾಲುವುದಿಲ್ಲ. ಎರಡು ಮೂರು ಬ್ಯಾಚ್ ಮಾಡಿ, ಪ್ರತಿ ಟ್ಯೂಬಿನ ಮೇಲೂ ಬ್ಯಾಚ್ ಸಂಖ್ಯೆ ಬರೆಯಿರಿ, ಔಷಧವಿರುವ ಸ್ಪಂಜು ಮತ್ತು ಅದಕ್ಕೆ ಹೋಲಿಸುವ ಖಾಲಿ ಸ್ಪಂಜು ಒಂದೇ ಬ್ಯಾಚಿನವಾಗಿರಲಿ.